ವಯಸ್ಸು 33, ಅಂಗಿ ಅಪ್ಪನದು

ಊರು ಮತ್ತು ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಹೇಗೆ ಕಾಣುತ್ತೇವೆ ಅನ್ನುವ ಬಗ್ಗೆ ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಮೇಡಂ, ನನ್ನಂಗ ಭಾಳ ಮಂದಿ ಅದಾರ" ಅಂತ ಅವರೇ ಹೇಳಿದರು.

ಹುಬ್ಬಳ್ಳಿ ವಿದ್ಯಾನಗರದ ನನ್ನ ಕೋಣೆಗೆ ಅವರು ಮೊದಲ ಸಲ ಬಂದಿದ್ದು ಜೂನ್ ತಿಂಗಳಲ್ಲಿ. ಬಾಗಿಲು ತೆಗೆದು ಒಳಗೆ ಬಂದರು, "ಅಯ್ಯಪ್ಪಾ" ಅಂತ ಉಸಿರು ಬಿಡುತ್ತಾ ಕುರ್ಚಿಯ ಕೈ ಹಿಡಿದು ಕೂತರು. ನಲವತ್ತೆಂಟು ಇರಬಹುದು ಅಂದುಕೊಂಡೆ. ಅರ್ಜಿಯಲ್ಲಿ 33 ಅಂತ ಬರೆದಿದ್ದರು. ನಾನು ಚೀಟಿ ನೋಡಿ, ಮುಖ ನೋಡಿ, ಮತ್ತೆ ಚೀಟಿ ನೋಡಿದೆ. ಹಾಗೆ ಮಾಡಬಾರದಿತ್ತು. ಅವರು ಅದನ್ನು ಗಮನಿಸಿದರು.

"ಎಲ್ಲಾರೂ ಹಂಗ ನೋಡ್ತಾರ್ರಿ. ಅದಕ್ಕ ಬಂದೀನಿ."

ಹಾವೇರಿ ಜಿಲ್ಲೆಯವರು. ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಅದರ ಹಿಂದಿನ ತಿಂಗಳು ಧಾರವಾಡಕ್ಕೆ ಹೆಣ್ಣು ನೋಡಲು ಹೋಗಿದ್ದರು, ಜೊತೆಗೆ ತಾಯಿ, ಸೋದರಮಾವ. ಹೆಣ್ಣಿನ ತಂದೆ ಎಲ್ಲರಿಗೂ ನೀರು ಕೊಟ್ಟು, ಅವಲಕ್ಕಿ ಕೊಟ್ಟು, ಆಮೇಲೆ ಇವರ ಕಡೆ ತಿರುಗಿ ತುಂಬ ಮರ್ಯಾದೆಯಿಂದಲೇ ಕೇಳಿದರಂತೆ: "ಹುಡುಗ ಹಿಂದ ಬರಾಕತ್ತಾನೇನ್ರಿ? ನೀವು ಕಾಕಾ ಅಲ್ಲೇನ್ರಿ?" ತಟ್ಟೆ ಕೈಯಲ್ಲೇ ಉಳಿಯಿತು. ಆ ಮನೆಯವರದು ತಪ್ಪು ಅಂತ ನನಗೆ ಅನಿಸಲಿಲ್ಲ, ಇವರಿಗೂ ಅನಿಸಿರಲಿಲ್ಲ. ಆದರೆ ಆ ರಾತ್ರಿಯಿಂದ ಇವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಕಣ್ಣಿಗೆ ಕಂಡಿದ್ದಕ್ಕೆಲ್ಲ ಒಂದೊಂದು ಸಲಹೆ ಕೊಟ್ಟುಬಿಟ್ಟೆ. ಅಂಗಿ ದೊಡ್ಡದಾಗಿದೆ, ಭುಜದ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದಿದೆ. ಪ್ಯಾಂಟು ಹೊಕ್ಕುಳಿನ ಮೇಲಿದೆ. ಜೇಬಲ್ಲಿ ಎರಡು ಪೆನ್ನು, ಸಣ್ಣ ಡೈರಿ, ಕನ್ನಡಕದ ಡಬ್ಬಿ. ತಲೆಗೆ, ಮೀಸೆಗೆ ಕಾಗೆ ಕಪ್ಪು ಬಣ್ಣ. ಇದನ್ನೆಲ್ಲ ಬದಲಿಸಿ ನೋಡೋಣ ಅಂದೆ.

ಮೂರು ವಾರ ಬಿಟ್ಟು ಮೈಗೆ ಅಂಟಿದ ಟೀ-ಶರ್ಟು, ಮೊಣಕಾಲಲ್ಲಿ ಹರಿದ ಜೀನ್ಸು ಹಾಕಿಕೊಂಡು ಬಂದರು. ದುರ್ಗದಬೈಲಿನಲ್ಲಿ ಕೊಂಡಿದ್ದಂತೆ. ಇನ್ನೂ ಹತ್ತು ವರ್ಷ ಜಾಸ್ತಿ ಕಾಣುತ್ತಿದ್ದರು, ಮಗನ ಬಟ್ಟೆ ಹಾಕಿಕೊಂಡ ಅಪ್ಪನ ಹಾಗೆ. ಕೂತಷ್ಟು ಹೊತ್ತೂ ಟೀ-ಶರ್ಟನ್ನು ಹೊಟ್ಟೆಯಿಂದ ಎಳೆದುಕೊಳ್ಳುತ್ತಲೇ ಇದ್ದರು. ಪಾಪ ಅನಿಸಿತು. ಮುಜುಗರಪಡುವ ಮೈ ಯಾವ ಬಟ್ಟೆಯಲ್ಲೂ ಎಳೆಯದಾಗಿ ಕಾಣಲ್ಲ. ತಪ್ಪು ನನ್ನದು. ಯಾಕೆ ಹೀಗಾಯಿತು ಅಂತ ಕೇಳದೆ ಹೀಗೆ ಮಾಡಿ ಅಂತ ಹೇಳಿದ್ದೆ.

ಮುಂದಿನ ಸಲ ಬರುವಾಗ ಹದಿನೆಂಟರಿಂದ ಇವತ್ತಿನ ತನಕದ ಫೋಟೋ ತನ್ನಿ ಅಂದೆ.

ಮೇಜಿನ ಮೇಲೆ ಜೋಡಿಸಿದೆವು. ಹತ್ತೊಂಬತ್ತರಲ್ಲಿ ಕಾಲೇಜು ವಾಲಿಬಾಲ್ ತಂಡದಲ್ಲಿ ನಗುತ್ತಾ ನಿಂತಿದ್ದಾರೆ, ಎದೆ ಉಬ್ಬಿಸಿಕೊಂಡು. ಇಪ್ಪತ್ತರಲ್ಲಿ ಅಕ್ಕನ ಮದುವೆ. ಮುಂದಿನದು ಇಪ್ಪತ್ತೆರಡರದು. ಅಲ್ಲಿ ಬೇರೆಯೇ ಮನುಷ್ಯ! ನಡುವೆ ಒಂದೂವರೆ ವರ್ಷ ಅಷ್ಟೆ. ಆ ಫೋಟೋದಲ್ಲಿ ಹಾಕಿದ್ದ ನೀಲಿ ಚೌಕಳಿ ಅಂಗಿಯನ್ನೇ ಅಕ್ಕನ ಮದುವೆ ಫೋಟೋದಲ್ಲಿ ಅಪ್ಪ ಹಾಕಿದ್ದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೇಳಿದರು. ಅಪ್ಪ ಹೋಗಿದ್ದು ಫೆಬ್ರವರಿಯಲ್ಲಿ, ಎದೆನೋವಿನಿಂದ, ಒಂದೇ ರಾತ್ರಿಯಲ್ಲಿ. ಮೆಣಸಿನಕಾಯಿ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಜನವರಿಯಿಂದ ಮಾರ್ಚ್ ಅಂದರೆ ಬ್ಯಾಡಗಿ ಕಡೆ ಸುಗ್ಗಿಯ ನಟ್ಟನಡುವೆ, ಚೀಲಗಳು ಬೆಟ್ಟದಂತೆ ಬೀಳುವ ಕಾಲ. ರೈತರಿಗೆ ಕೊಡುವ ಬಾಕಿ ಇತ್ತು, ಖರೀದಿದಾರರಿಂದ ಬರುವ ಬಾಕಿ ಇತ್ತು, ಲೆಕ್ಕ ಅರ್ಧ ಪುಸ್ತಕದಲ್ಲಿ, ಅರ್ಧ ಅಪ್ಪನ ತಲೆಯಲ್ಲಿ. ಮನೆಗೆ ಬಂದವರೆಲ್ಲ ಒಂದೇ ಮಾತು: "ಸಣ್ಣ ಹುಡುಗ, ಏನ್ ನಿಭಾಯಿಸ್ತಾನ?" ಕಾಕಾ ಅಂಗಡಿ ಮಾರು ಅಂದರು. ದಿನಕರ್ಮ ಮುಗಿದ ಮಾರನೇ ದಿನ ಇಪ್ಪತ್ತೊಂದರ ಈ ಹುಡುಗ ಅಪ್ಪನ ಕಪಾಟು ತೆಗೆದು, ನೀಲಿ ಚೌಕಳಿ ಅಂಗಿ ಹಾಕಿಕೊಂಡು, ಅಪ್ಪನ ವಾಚು ಕಟ್ಟಿಕೊಂಡು, ಅಪ್ಪನ ಕನ್ನಡಕದ ಕಟ್ಟಿಗೆ ತನ್ನ ನಂಬರಿನ ಗಾಜು ಹಾಕಿಸಿಕೊಂಡು ಗಾದಿಯ ಮೇಲೆ ಹೋಗಿ ಕೂತ. ಅವತ್ತು ಯಾರೂ ಹುಡುಗ ಅನ್ನಲಿಲ್ಲ. ಬಾಕಿ ಎಲ್ಲ ತೀರಿತು. ಅಂಗಡಿ ಉಳಿಯಿತು.

ಅವತ್ತಿಗೆ ಆ ವಯಸ್ಸು ಬೇಕಿತ್ತು, ಹಾಕಿಕೊಂಡರು. ಹನ್ನೆರಡು ವರ್ಷ ಆದರೂ ತೆಗೆದಿಟ್ಟಿಲ್ಲ, ಅಷ್ಟೆ. ನಾನು ಹೀಗಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಇದನ್ನು ನಾನು ಹೆಣ್ಣುಮಕ್ಕಳಲ್ಲಿ ಇನ್ನೂ ಜಾಸ್ತಿ ನೋಡಿದ್ದೇನೆ. ಇಪ್ಪತ್ತಮೂರಕ್ಕೇ ಶಾಲೆಗೆ ಟೀಚರಾಗಿ ಸೇರಿ, ಮಕ್ಕಳು ಹೆದರಲಿ ಅಂತ ಕೂದಲು ಎಳೆದು ಬಿಗಿ ಗಂಟು ಹಾಕಿಕೊಂಡವರು. ಬೇಗ ಗಂಡನನ್ನು ಕಳೆದುಕೊಂಡು, ಮಂದಿ ಬಾಯಿಗೆ ಹೆದರಿ ಮಾಸಿದ ಬಣ್ಣಕ್ಕೆ ಇಳಿದವರು. ವಯಸ್ಸಾದಂತೆ ಕಾಣುವುದು ಒಂದು ತಪ್ಪೇ ಅಲ್ಲ. ಅರವತ್ತರವರು ಅರವತ್ತರಂತೆ ಕಂಡರೆ ಚೆಂದವೇ. ನಾವೇ ಬೇಕಂತ ಹಾಕಿಕೊಂಡಿದ್ದು ನಮಗೇ ಮರೆತುಹೋಗಿ, ಅದು ನಮ್ಮ ಚರ್ಮವೇ ಅಂತ ಬದುಕುವುದನ್ನು ನೋಡಿದರೆ ಮಾತ್ರ ನನಗೆ ಸಂಕಟವಾಗುತ್ತದೆ.

ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಅಪ್ಪನದಾ, ಅಂಗಡಿಗೆ ಬೇಕಾಗಿದ್ದಾ, ನಿಮ್ಮದಾ?

ವಾಚು ಅಪ್ಪನದು, ಇರಲಿ. ಕನ್ನಡಕದ ಕಟ್ಟು ಹಳೆಯದು, ಮುರಿದೀತು ಅಂತ ಆರು ವರ್ಷದಿಂದ ಗಾಜನ್ನೇ ಬದಲಿಸಿರಲಿಲ್ಲ. ಹಾಗಾಗಿ ಏನು ಓದಬೇಕಾದರೂ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಕುತ್ತಿಗೆ ಮುಂದೆ ಚಾಚುತ್ತಿದ್ದರು. ಹಣೆಯ ಗೆರೆಗಳಲ್ಲಿ ಅರ್ಧ ಅಲ್ಲಿಂದಲೇ ಬಂದಿದ್ದವು. ಹೊಸ ನಂಬರು, ಹೊಸ ಕಟ್ಟು. ಹಳೆಯದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ.

ತಲೆಗೂದಲಿನ ಮಾತು ಕಷ್ಟವಿತ್ತು. ಇಪ್ಪತ್ತೇಳಕ್ಕೇ ನರೆ ಬಂದಿತ್ತು. ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ಪುಡಿ ಕಲಸಿ ಹಚ್ಚುತ್ತಿದ್ದರು, ಕಿವಿಯ ಹಿಂದೆ ಚರ್ಮವೇ ಕಪ್ಪಾಗಿ ತುರಿಸುತ್ತಿತ್ತು. ನಾನು ಅವರ ಕಸುಬಿನಿಂದಲೇ ಕೇಳಿದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ, ಅಲ್ವಾ? ಯಾರಾದರೂ ಕಾಯಿಗೆ ಬಣ್ಣ ಹೊಡೆದು ತಂದರೆ ನಿಮಗೆ ಗೊತ್ತಾಗುತ್ತದಾ? "ಹತ್ತು ಮಾರು ದೂರದಿಂದ ಗೊತ್ತಾಗತೈತ್ರಿ" ಅಂದರು. ಅಂದವರೇ ಸುಮ್ಮನಾಗಿ, ಕೈಯನ್ನು ತಲೆಗೆ ಒಯ್ದರು.

ಅಚ್ಚ ಕಪ್ಪು ಬಣ್ಣದ ಕೆಳಗೆ ಮುಖದ ಪ್ರತಿ ಗೆರೆಯೂ ಎದ್ದು ಕಾಣುತ್ತದೆ, ವಾರದೊಳಗೆ ಬುಡದಲ್ಲಿ ಬಿಳಿ ಇಣುಕುತ್ತದೆ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಲವರ ಮೈಗೆ ಅದು ಆಗಿಬರುವುದಿಲ್ಲ. ತುರಿಕೆ, ಊತ, ಗುಳ್ಳೆ ಬಂದರೆ ಮತ್ತೆ ಹಚ್ಚಬಾರದು, ಚರ್ಮದ ಡಾಕ್ಟರನ್ನು ನೋಡಬೇಕು. ಹಚ್ಚುವ ಆಸೆ ಇದ್ದವರು ಪ್ರತಿ ಸಲ ಎರಡು ದಿನ ಮೊದಲೇ ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ನೋಡಬೇಕು. ಇವರಿಗೆ ಆಗಲೇ ತುರಿಕೆ ಶುರುವಾಗಿದ್ದರಿಂದ ಬಿಡಿ ಅಂದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಸಣ್ಣಗೆ ಕತ್ತರಿಸಿದರೆ ಎರಡು ತಿಂಗಳಲ್ಲಿ ಬಣ್ಣವೆಲ್ಲ ಕತ್ತರಿಗೆ ಹೋಗುತ್ತದೆ. ಬೇಗ ನರೆ ಬರುವುದು ಬಹಳಷ್ಟು ಸಲ ಮನೆತನದ್ದೇ. ಆದರೂ ಬಿ12, ಥೈರಾಯ್ಡು, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಿ ಅಂತ ಹೇಳಿದೆ. ಬಿ12 ಕಡಿಮೆ ಬಂತು, ಡಾಕ್ಟರು ಔಷಧ ಕೊಟ್ಟರು. ಅದರಿಂದ ಕೂದಲು ಕಪ್ಪಾಗುತ್ತದೆ ಅಂತ ನಾನು ಹೇಳಲಿಲ್ಲ, ಸುಸ್ತು ಕಡಿಮೆಯಾಯಿತು.

ಬಟ್ಟೆಗೆ ಟೈಲರ್ ಸಾಕು. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಕೂರಬೇಕು, ಇಷ್ಟೇ. ಹರಿದ ಜೀನ್ಸು ತಮ್ಮನಿಗೆ ಹೋಯಿತು. ಬಿಸಿಲಿಗೆ ಟೋಪಿ, ಮುಖಕ್ಕೂ ಕತ್ತಿಗೂ ಎಸ್‌ಪಿಎಫ್ 30 ಕ್ರೀಮು. ಬೆಳ್ಳಗಾಗುವ ಕ್ರೀಮು ಅಂತ ಕೈಗೆ ಸಿಕ್ಕಿದ್ದನ್ನು ಮಾತ್ರ ಹಚ್ಚಬೇಡಿ, ಸ್ಟೆರಾಯ್ಡ್ ಸೇರಿದವುಗಳು ಚರ್ಮವನ್ನು ತೆಳ್ಳಗೆ ಮಾಡಿ ಹಾಳುಮಾಡುತ್ತವೆ.

ನನಗೆ ನಿಜವಾಗಿ ಹೆದರಿಕೆಯಾಗಿದ್ದು ಅವರ ಬಾಯಿಯ ಬಗ್ಗೆ. ಗಾದಿಗೆ ಕೂತ ದಿನದಿಂದ ಅಡಿಕೆ, ತಂಬಾಕು. ಅಪ್ಪನೂ ಹಾಕುತ್ತಿದ್ದರು, ಬಂದ ದೊಡ್ಡವರಿಗೆಲ್ಲ ಕೊಡಬೇಕಿತ್ತು, ಜೊತೆಗೆ ತಾನೂ ಹಾಕಿದರೆ ಸಮ ಅನಿಸುತ್ತಿತ್ತು. ಗಲ್ಲ ಒಳಗೆ ಸೇದಿಕೊಂಡು ಬಿಗಿಯಾಗಿದ್ದವು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಲ್ಲಿ ಇಡಿ ಅಂದೆ. ಎರಡಕ್ಕೆ ನಿಂತಿತು. ಅಡಿಕೆಯಿಂದ ಗಲ್ಲದ ಒಳಪದರ ನಾರಿನಂತೆ ಗಟ್ಟಿಯಾಗುತ್ತಾ ಹೋಗುತ್ತದೆ, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ, ಮುಂದೆ ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ತಂಬಾಕಿಲ್ಲದ ಬರೀ ಅಡಿಕೆಯೂ ಇದನ್ನು ಮಾಡುತ್ತದೆ. ಇದು ಚೆಂದದ ಪ್ರಶ್ನೆ ಅಲ್ಲ, ಇವತ್ತೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹೋದರು. ಚಿಕಿತ್ಸೆ ನಡೆಯುತ್ತಿದೆ. ಹೋದ ಬಾಯಿ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ದಯವಿಟ್ಟು ಓದುವವರು ಕನ್ನಡಿ ಮುಂದೆ ಒಮ್ಮೆ ಮೂರು ಬೆರಳಿಟ್ಟು ನೋಡಿಕೊಳ್ಳಿ.

ಕೂರುವುದು, ಏಳುವುದು, ಮಾತು, ಇವನ್ನು ಬದಲಿಸಲು ತಿಂಗಳುಗಳೇ ಹಿಡಿದವು. ಗಾದಿಯ ಮೇಲೆ ಗೂನು ಬಿದ್ದು ಹತ್ತು ಗಂಟೆ ಕೂರುತ್ತಿದ್ದರು. ಅರ್ಧ ಗಂಟೆಗೊಮ್ಮೆ ಎದ್ದು ಚೀಲಗಳ ತನಕ ನಡೆದು ಬನ್ನಿ, ಏಳುವಾಗ ಕೈ ಊರದೆ ಏಳಿ, "ಅಯ್ಯಪ್ಪಾ" ಅನ್ನದೆ ಏಳಿ ಅಂದೆ. ತನಗಿಂತ ಆರು ವರ್ಷ ದೊಡ್ಡವರಿಗೂ "ಏ ತಮ್ಮಾ" ಅನ್ನುತ್ತಿದ್ದರಂತೆ! ಮಾತೆತ್ತಿದರೆ "ನಮ್ಮ ಕಾಲದಾಗ". ಮೂವತ್ಮೂರಕ್ಕೆ ಯಾವ ಕಾಲ? ಆದರೆ ಅವರ ಸುತ್ತ ಇದ್ದವರೆಲ್ಲ ಐವತ್ತು ದಾಟಿದವರು. ತನ್ನ ಓರಗೆಯವರ ಜೊತೆ ಕೊನೆಯ ಸಲ ಸುಮ್ನೆ ಕೂತು ಹರಟಿದ್ದು ಯಾವಾಗ ಅಂದರೆ ನೆನಪಾಗಲಿಲ್ಲ. ವಾಲಿಬಾಲ್ ಫೋಟೋದಲ್ಲಿ ಪಕ್ಕಕ್ಕೆ ನಿಂತವನಿಗೆ ಫೋನು ಮಾಡಿ ಅಂದೆ. ನನ್ನ ಸಲಹೆಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ. ಈಗ ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಆಡುತ್ತಾರೆ.

ಅಂಗಡಿಯ ಭಯ ಮಾತ್ರ ಉಳಿದಿತ್ತು. "ನಾ ಸಣ್ಣಾವ ಕಂಡ್ರ ರೈತರು ನಂಬಂಗಿಲ್ರಿ." ಪರೀಕ್ಷೆ ಮಾಡಿ ಅಂದೆ. ಒಂದು ಸೋಮವಾರ ತನ್ನ ಅಳತೆಯ ಬಿಳಿ ಅಂಗಿ ಹಾಕಿಕೊಂಡು, ನರೆಗೂದಲಲ್ಲೇ ಹೋಗಿ ಕೂತರು. ರೈತರು ಎಂದಿನಂತೆ ಬಂದರು, ತೂಕ ನೋಡಿದರು, ಪಟ್ಟಿ ನೋಡಿದರು, ರೊಕ್ಕ ಎಣಿಸಿಕೊಂಡು ಹೋದರು. ಒಬ್ಬ ಮುದುಕ ಮಾತ್ರ "ಏನೋ ತಮ್ಮಾ, ಅಂಗಡಿ ಮಾಲಕ ಎಲ್ಲಿ?" ಅಂದರಂತೆ. ಹೇಳುವಾಗ ಹಲ್ಲು ಕಾಣುವಷ್ಟು ನಕ್ಕರು.

ತಾಯಿಯನ್ನು ನಾನೇ ಒಮ್ಮೆ ಕರೆಸಿದೆ. ಆ ಅಂಗಿಗಳನ್ನು ಹನ್ನೆರಡು ವರ್ಷ ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದು ಅವರೇ. ಮಗ ಹೊರಗೆ ಕೂತಿದ್ದಾಗ ಸೆರಗಿನ ತುದಿ ತಿರುವುತ್ತಾ ಹೇಳಿದರು: "ಸಂಜಿಗೆ ಅಂಗಡಿಯಿಂದ ಬರೂಮುಂದ ನೋಡಿದ್ರ ಅವರ ಬಂದಂಗ ಆಗತಿತ್ರಿ. ಬಿಡು ಅಂತ ಹೆಂಗ ಹೇಳ್ಲಿ?" ಅವರ ಕೈ ಹಿಡಿದುಕೊಂಡು ಕೂತೆ. ಅದಕ್ಕೆ ನನ್ನಲ್ಲಿ ಸಲಹೆ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವರೇ ದಾರಿ ಹುಡುಕಿಕೊಂಡಿದ್ದರು. ಅಂಗಿಗಳನ್ನೆಲ್ಲ ಬಿಚ್ಚಿ, ತುಂಡು ಜೋಡಿಸಿ, ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೌದಿ ಹೊಲಿದರು. ನೀಲಿ ಚೌಕಳಿಯ ತುಂಡು ನಡುವೆ. ಮಗ ಅದನ್ನೇ ಹೊದ್ದು ಮಲಗುತ್ತಾರೆ. ಮೊದಲು ನಾಲ್ಕೂವರೆ ಗಂಟೆ ನಿದ್ದೆ ಮಾಡುತ್ತಿದ್ದವರು ಈಗ ಏಳು ಗಂಟೆ ಮಾಡುತ್ತಾರೆ.

ಸಂಬಂಧ ಇನ್ನೂ ನೋಡುತ್ತಿದ್ದಾರೆ. ಈ ಫೆಬ್ರವರಿಯಲ್ಲಿ, ಸುಗ್ಗಿ ಜೋರಾದಾಗ, ಅಪ್ಪ ಹೋದ ವಾರದಲ್ಲೇ, ನಾಲ್ಕು ದಿನ ಮತ್ತೆ ಅಡಿಕೆ ಬಾಯಿಗೆ ಹೋಯಿತು. ಐದನೇ ದಿನ ಅವರೇ ಫೋನು ಮಾಡಿ ಹೇಳಿದರು. ಬೈಯಲಿಲ್ಲ. ಗುರುವಾರ ಮಾರುಕಟ್ಟೆ ಮುಗಿಸಿ ಶುಕ್ರವಾರ ಬೆಳಿಗ್ಗೆ ಬನ್ನಿ, ಹಲ್ಲಿನ ಡಾಕ್ಟರ ಹತ್ತಿರವೂ ಅವತ್ತೇ ಹೋಗಿ ಬನ್ನಿ ಅಂದೆ. ಬಂದರು.