ಓದುಗರ ಪ್ರಶ್ನೆ: ಜಪಾನಿನ ಆ ಮೂರು ಇಸವಿಗಳು

ಪ್ರಶ್ನೆ: ಜಪಾನ್ ಅಸಮಾನ ಒಪ್ಪಂದಗಳಿಂದ ಪಾರಾದದ್ದು ಯಾವಾಗ? ಒಂದು ಪುಸ್ತಕದಲ್ಲಿ 1894, ಇನ್ನೊಂದರಲ್ಲಿ 1899, ನೋಟ್ಸ್‌ನಲ್ಲಿ 1911 ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
– ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೂರೂ ಸರಿ. ಬರೀ ಇಸವಿ ಬರೆದರೆ ಅಂಕ ಹೋಗುತ್ತದೆ. ಪಕ್ಕದಲ್ಲಿ ಏನಾಯಿತು ಎಂದೂ ಬರೆಯಿರಿ.

1858ರಲ್ಲಿ ಪಾಶ್ಚಾತ್ಯ ದೇಶಗಳ ಜತೆ ಆದ ಅಸಮಾನ ಒಪ್ಪಂದಗಳು ಜಪಾನಿನಿಂದ ಎರಡು ಅಧಿಕಾರ ಕಿತ್ತುಕೊಂಡವು. ಅಲ್ಲಿ ತಪ್ಪು ಮಾಡಿದ ವಿದೇಶಿಯನ್ನು ಅವನ ದೇಶದ ಕಾನ್ಸಲ್ಲೇ (ಅಲ್ಲಿ ನೆಲೆಸಿದ್ದ ಆ ದೇಶದ ಸರ್ಕಾರಿ ಪ್ರತಿನಿಧಿ) ವಿಚಾರಿಸುತ್ತಿದ್ದ. ಆಮದು ಸುಂಕವನ್ನೂ ಜಪಾನ್ ತಾನಾಗಿ ಏರಿಸುವಂತಿರಲಿಲ್ಲ. 1866ರಲ್ಲಿ ಅದನ್ನು ಹೆಚ್ಚುಕಡಿಮೆ ಶೇ 5ಕ್ಕೆ ಕಟ್ಟಿಹಾಕಿದರು. ಮೊದಲನೆಯ ನೋವು ನಮ್ಮ ಮೈಸೂರಿಗೂ ಗೊತ್ತು: 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗಲೂ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಕ್ರಿಮಿನಲ್ ಮೊಕದ್ದಮೆಗಳು ಗವರ್ನರ್ ಜನರಲ್ ಕೈಯಲ್ಲೇ ಉಳಿದವು.

1886ರಲ್ಲಿ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಮುಳುಗಿತು. ಕ್ಯಾಪ್ಟನ್ನೂ ಬಿಳಿಯ ನಾವಿಕರೂ ದೋಣಿ ಹತ್ತಿ ಬದುಕಿದರು. 25 ಜಪಾನಿ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಕಾನ್ಸಲ್ ವಿಚಾರಣೆಯಲ್ಲಿ ಕ್ಯಾಪ್ಟನ್ ನಿರ್ದೋಷಿ. ಜನ ರೊಚ್ಚಿಗೆದ್ದ ಮೇಲೆ ಮತ್ತೆ ವಿಚಾರಣೆ ನಡೆದು ಸಿಕ್ಕ ಶಿಕ್ಷೆ ಮೂರು ತಿಂಗಳ ಸಜೆ.

ಒಪ್ಪಂದ ಬದಲಿಸಲು ರಾಜಿ ಸೂತ್ರ ಹಿಡಿದವರು ಸೋತರು. ಅತ್ಯುನ್ನತ ನ್ಯಾಯಾಲಯದಲ್ಲಿ ವಿದೇಶಿ ನ್ಯಾಯಾಧೀಶರಿಗೆ ಜಾಗ ಕೊಡುವ ಯೋಜನೆ ಮುಂದಿಟ್ಟ ವಿದೇಶಾಂಗ ಸಚಿವ ಒಕುಮಾ 1889ರಲ್ಲಿ ಬಾಂಬ್ ದಾಳಿಗೆ ಕಾಲು ಕಳೆದುಕೊಂಡರು. ನಂತರ ವಿದೇಶಾಂಗ ಸಚಿವರಾದ ಮುತ್ಸು ಮುನೆಮಿತ್ಸು ಅಂಥ ರಾಜಿಗೆ ಹೋಗಲಿಲ್ಲ. 1894ರ ಜುಲೈ 16ರಂದು ಲಂಡನ್ನಿನಲ್ಲಿ ಬ್ರಿಟನ್ ಜತೆ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಬ್ರಿಟನ್ ಒಪ್ಪಿದ್ದು ಔದಾರ್ಯದಿಂದಲ್ಲ, ಪೂರ್ವದಲ್ಲಿ ರಷ್ಯಾದ ಭಯದಿಂದ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಕನಿಷ್ಠ ಐದು ವರ್ಷ ಕಳೆಯದೆ ಅದು ಜಾರಿಯಾಗುವಂತಿರಲಿಲ್ಲ. ಹಾಗಾಗಿ ಕಾನ್ಸಲ್ ನ್ಯಾಯ ನಿಂತದ್ದು 1899ರಲ್ಲಿ. ಒಪ್ಪಂದದ ಅವಧಿ 12 ವರ್ಷ. ಅದು ಮುಗಿದ 1911ರಲ್ಲಿ ವಿದೇಶಾಂಗ ಸಚಿವ ಕೊಮುರಾ ಜುತಾರೊ ಸುಂಕದ ಪೂರ್ಣ ಅಧಿಕಾರವನ್ನೂ ಪಡೆದರು.

ಪ್ರಶ್ನೆ: 1951ರ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಹಾಗಿದ್ದರೆ ಜಪಾನ್ ಜತೆ ನಮಗೆ ಶಾಂತಿ ಆದದ್ದು ಹೇಗೆ?
– ಓದುಗರು, ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಪ್ರತ್ಯೇಕ ಒಪ್ಪಂದದಿಂದ, 1952ರ ಜೂನ್ 9ರಂದು ಟೋಕಿಯೊದಲ್ಲಿ ಸಹಿಯಾಯಿತು. ಒಕಿನಾವಾ ಅಮೆರಿಕದ ಆಡಳಿತದಲ್ಲಿ ಉಳಿಯುವುದು, ವಿದೇಶಿ ಸೇನೆ ಜಪಾನಿನಲ್ಲೇ ಬೀಡುಬಿಡುವುದು ನೆಹರೂ ಸರ್ಕಾರಕ್ಕೆ ಒಪ್ಪಿಗೆಯಾಗಲಿಲ್ಲ. ಪ್ರತ್ಯೇಕ ಒಪ್ಪಂದದಲ್ಲಿ ಭಾರತ ಯುದ್ಧ ಪರಿಹಾರವನ್ನೂ ಬಿಟ್ಟುಕೊಟ್ಟಿತು. 1958ರಲ್ಲಿ ಜಪಾನ್ ಕೊಟ್ಟ ಮೊಟ್ಟಮೊದಲ ಯೆನ್ ಸಾಲ ಬಂದದ್ದು ಭಾರತಕ್ಕೇ.