ಪ್ರತಿಕ್ರಿಯೆ: ಹೊಮಾರೆ ಸಾವಾ ಅಷ್ಟು ಗೋಲು ಹೊಡೆದದ್ದು ಹೇಗೆ?
ರಕ್ಷಣೆಗೆ ಒತ್ತು ಕೊಡುವ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದ ಆಟಗಾರ್ತಿ) ಆಗಿದ್ದ ಜಪಾನಿನ ಫುಟ್‌ಬಾಲ್ ಆಟಗಾರ್ತಿ ಸಾವಾ 2011ರ ಮಹಿಳಾ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ್ದು ಹೇಗೆ ಎಂದು ಕೇಳಿದ್ದೀರಿ. ಆಕೆ ಮೊದಲಿನಿಂದಲೂ ಹಿಂದೆ ನಿಂತು ಆಡಿದವರಲ್ಲ. 1993ರಲ್ಲಿ, ಹದಿನೈದರ ವಯಸ್ಸಿನಲ್ಲೇ ಜಪಾನ್ ತಂಡ ಸೇರಿ ಫಿಲಿಪ್ಪೀನ್ಸ್ ವಿರುದ್ಧದ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಬಾರಿಸಿದರು. ಆಕೆಯನ್ನು ಹಿಂದಕ್ಕೆ ಸರಿಸಿದ್ದು ತರಬೇತುದಾರ ನೊರಿಯೊ ಸಸಾಕಿ. ಜಾಗ ಬದಲಾಯಿತು, ಗೋಲಿನ ವಾಸನೆ ಹಿಡಿಯುವ ಗುಣ ಹೋಗಲಿಲ್ಲ.

ಆ ವಿಶ್ವಕಪ್‌ನಲ್ಲಿ ಆಕೆ ಹೊಡೆದ ಐದು ಗೋಲುಗಳಲ್ಲಿ ಮೂರು ಮೆಕ್ಸಿಕೊ ವಿರುದ್ಧ, ಒಂದು ಸೆಮಿಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಬಂದವು. ಐದನೆಯದನ್ನು ದಯವಿಟ್ಟು ಹುಡುಕಿ ನೋಡಿ. ಫ್ರಾಂಕ್‌ಫರ್ಟ್‌ನ ಫೈನಲ್, 117ನೇ ನಿಮಿಷ, ಅಮೆರಿಕ 2-1ರಿಂದ ಮುಂದಿದೆ. ಸಹ ಆಟಗಾರ್ತಿ ಅಯಾ ಮಿಯಾಮಾ ಮೈದಾನದ ಮೂಲೆಯಿಂದ ಕಾರ್ನರ್ ಒದೆಯುತ್ತಾರೆ. ಸಾವಾ ಹತ್ತಿರದ ಕಂಬದತ್ತ ನುಗ್ಗಿ, ಗೋಲಿಗೆ ಬಹುತೇಕ ಬೆನ್ನು ಹಾಕಿದ್ದರೂ, ಬಲಗಾಲಿನ ಹೊರಬದಿಯಿಂದ ಚೆಂಡನ್ನು ಸವರಿ ಒಳಗೆ ತಿರುಗಿಸುತ್ತಾರೆ. ಇಂಥ ಗೋಲನ್ನು ನಾನು ಬೇರೆ ಯಾವ ಫೈನಲ್‌ನಲ್ಲೂ ನೋಡಿಲ್ಲ! ಜಪಾನ್ ಪೆನಾಲ್ಟಿಯಲ್ಲಿ ಗೆದ್ದಿತು.

ಆದರೂ ಗೋಲುಗಳಷ್ಟೇ ಲೆಕ್ಕವಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಆತಿಥೇಯ ಜರ್ಮನಿಯನ್ನು ಮನೆಗೆ ಕಳಿಸಿದ ಕರೀನಾ ಮರುಯಾಮಾ ಅವರ ಗೋಲಿಗೆ ಚೆಂಡು ಒದಗಿಸಿದವರೂ ಸಾವಾ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಅವರಿಗೇ ಸಂದಿತು.