ಕಂಡ ಗಂಟನ್ನೆಲ್ಲ ತೆಗೆಸಬೇಕೇ?

ಪ್ರಶ್ನೆ: ಮಗಳಿಗೆ 9 ವರ್ಷ. ಮೊಣಕಾಲು, ಮುಂಗೈ, ಭುಜದ ಹತ್ತಿರ ಮೂಳೆಯಂಥ ಗಂಟುಗಳಿವೆ. ಹೆರೆಡಿಟರಿ ಮಲ್ಟಿಪಲ್ ಎಕ್ಸೊಸ್ಟೋಸಿಸ್ (ವಂಶಪಾರಂಪರ್ಯವಾಗಿ ಹಲವೆಡೆ ಮೂಳೆಗಂಟು ಬೆಳೆಯುವ ಕಾಯಿಲೆ) ಎಂದಿದ್ದಾರೆ. ನನಗೂ ಇದೆ. ಅವಳ ಬಲ ಮೊಣಕಾಲು ಒಳಕ್ಕೆ ವಾಲುತ್ತಿದೆ. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಗಂಟು ಏರು ಹತ್ತುವಾಗ ನೋಯುತ್ತದೆ, ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ತೆಗೆಸಿಬಿಡಲೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ನೋವು, ನರದ ಒತ್ತಡ, ಕೀಲಿನ ಅಡಚಣೆ, ಮೂಳೆ ಸೊಟ್ಟಗಾಗುವುದು – ಇವಿಲ್ಲದ ಗಂಟನ್ನು ಮುಟ್ಟುವ ಅಗತ್ಯವಿಲ್ಲ. ಎತ್ತರ ಬೆಳೆಯುವುದು ನಿಲ್ಲುವ ತನಕ ಹೊಸ ಗಂಟು ಬರುತ್ತಲೇ ಇರಬಹುದು. ಇವು ಹುಟ್ಟುವುದೇ ಗ್ರೋತ್ ಪ್ಲೇಟಿನ (ಮೂಳೆ ಉದ್ದ ಬೆಳೆಯುವ, ತುದಿಯ ಹತ್ತಿರದ ಪದರ) ಪಕ್ಕದಲ್ಲಿ. ಈ ವಯಸ್ಸಿನಲ್ಲಿ ಅವಸರಪಟ್ಟು ಕೆತ್ತಿದರೆ ಪ್ಲೇಟಿಗೇ ಪೆಟ್ಟಾಗಿ ಕಾಲಿನ ಬೆಳವಣಿಗೆ ಕುಂಠಿತವಾದೀತು.

ಆದರೆ ಜೋಮು ಹಿಡಿಸುವ ಆ ಗಂಟಿನ ಮಾತು ಬೇರೆ. ಅದು ಫಿಬುಲಾ ಮೂಳೆಯ (ಮೊಣಕಾಲಿನ ಕೆಳಗೆ ಹೊರಬದಿಯ ತೆಳು ಮೂಳೆ) ಮೇಲ್ತುದಿಯ ಹತ್ತಿರ ಇರುವಂತೆ ಕಾಣುತ್ತದೆ. ಪಾದವನ್ನು ಮೇಲೆತ್ತುವ ಪೆರೋನಿಯಲ್ ನರ ಅಲ್ಲೇ ಸುತ್ತಿಕೊಂಡು ಹೋಗುತ್ತದೆ. ಮೊದಲು ಎಂಆರ್‌ಐ ಮಾಡಿಸಿ. ಶಸ್ತ್ರಚಿಕಿತ್ಸೆಯಲ್ಲಿ ನೇರವಾಗಿ ಗಂಟಿಗೆ ಕೈ ಹಾಕುವಂತಿಲ್ಲ. ಮೇಲೆ, ತೊಡೆಯ ಸ್ನಾಯುರಜ್ಜುವಿನ ಹಿಂದೆ ನರವನ್ನು ಗುರುತಿಸಿ, ಅದರ ಜಾಡು ಹಿಡಿದು ಕೆಳಗಿಳಿದು, ಬಿಡಿಸಿ, ಪಕ್ಕಕ್ಕೆ ಸರಿಸಿದ ಮೇಲಷ್ಟೇ ಗಂಟಿಗೆ ಉಳಿ ಹಾಕಬೇಕು. ಗಂಟಿನ ತುದಿಯ ಮೃದ್ವಸ್ಥಿಯ (ಮೆದು ಮೂಳೆಯ) ಟೋಪಿ ಮತ್ತು ಅದರ ಹೊದಿಕೆ ಪೂರ್ತಿ ಬರಬೇಕು, ಚೂರು ಉಳಿದರೂ ಮತ್ತೆ ಬೆಳೆಯಬಹುದು. ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತಾರೆ.

ಆಪರೇಷನ್ ಆದ ರಾತ್ರಿ ನಿಮಗೊಂದು ಕೆಲಸವಿದೆ: ಆಗಾಗ 'ಹೆಬ್ಬೆರಳು ಮೇಲೆತ್ತು ಮಗಳೇ' ಎನ್ನಿ. ಎತ್ತುತ್ತಿದ್ದವಳಿಗೆ ಆಗದಿದ್ದರೆ ಬೆಳಗಿನ ರೌಂಡ್ಸ್ ತನಕ ಕಾಯಬೇಡಿ, ನರ್ಸನ್ನು ಕರೆಯಿರಿ. ಬಿಗಿಯಾದ ಕಟ್ಟು ಕೂಡ ಆ ನರವನ್ನು ಒತ್ತಬಲ್ಲದು.

ವಾಲಿದ ಮೊಣಕಾಲು ಗಂಟು ತೆಗೆದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ. ಅದಕ್ಕೆ 'ಎಯ್ಟ್ ಪ್ಲೇಟ್' ಇದೆ: ಮೊಣಕಾಲಿನ ಒಳಬದಿಯಲ್ಲಿ ಗ್ರೋತ್ ಪ್ಲೇಟಿನ ಮೇಲೊಂದು ಕೆಳಗೊಂದು ಸ್ಕ್ರೂ, ನಡುವೆ ಪುಟ್ಟ ಲೋಹದ ಪಟ್ಟಿ. ಒಳಬದಿ ತಡೆದು ನಿಲ್ಲುತ್ತದೆ, ಹೊರಬದಿ ಬೆಳೆಯುತ್ತಾ ಕಾಲು ತಾನೇ ನೇರವಾಗುತ್ತದೆ. ಬೆಳವಣಿಗೆ ಬಾಕಿ ಇರುವಾಗ ಮಾತ್ರ ಇದು ಕೆಲಸ ಮಾಡುತ್ತದೆ. ಹುಡುಗಿಯರಲ್ಲಿ ಸುಮಾರು 14ಕ್ಕೆ ಮುಗಿಯುವುದರಿಂದ ನಿಮಗೆ ಸಮಯವಿದೆ, ಆದರೆ ವರ್ಷಗಟ್ಟಲೆ ಮುಂದೂಡುವಷ್ಟಿಲ್ಲ. ಈ ಕಾಯಿಲೆಯಲ್ಲಿ ತಿದ್ದುಪಡಿ ನಿಧಾನ. 3–4 ತಿಂಗಳಿಗೊಮ್ಮೆ ನಿಂತು ತೆಗೆಸುವ ಪೂರ್ತಿ ಕಾಲಿನ ಎಕ್ಸ್‌ರೇ ತಪ್ಪಿಸಬೇಡಿ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಮರೆತರೆ ಕಾಲು ಎದುರು ದಿಕ್ಕಿಗೆ ವಾಲಿಬಿಡುತ್ತದೆ. ನೇರವಾದ ಕೂಡಲೇ ಪಟ್ಟಿ ತೆಗೆಸಬೇಕು.

ಗಂಟು ತೆಗೆಯುವುದು, ಪಟ್ಟಿ ಹಾಕುವುದು ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮಾಡಬಹುದೇ ಎಂದು ಮಕ್ಕಳ ಮೂಳೆ ತಜ್ಞರನ್ನು ಕೇಳಿ. ಜೋಮು ಹೆಚ್ಚುತ್ತಿದ್ದರೆ ಅಥವಾ ನಡೆವಾಗ ಪಾದ ಜೋತುಬಿದ್ದು ನೆಲಕ್ಕೆ ಉಜ್ಜಿದರೆ ಕೂಡಲೇ ಹೋಗಿ. ಇಲ್ಲದಿದ್ದರೆ ಬೇಸಿಗೆ ರಜೆಯ ಮೊದಲ ವಾರವೇ ಒಳ್ಳೆಯದು. ಜೂನ್ ಮಳೆಗೆ ಪಾಚಿಗಟ್ಟಿದ ಅಂಗಳದಲ್ಲಿ ಊರುಗೋಲು ಊರಿ ನಡೆಯುವುದು ನಮ್ಮ ಕಡೆ ಸಾಹಸವೇ ಸರಿ.

ಇನ್ನು ನಿಮ್ಮ ವಿಷಯ. ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಶೇ 50. ಇನ್ನೊಂದು ಮಗುವಿದ್ದರೆ ಅದನ್ನೂ ತೋರಿಸಿ. ನಿಮ್ಮ ಯಾವುದೇ ಗಂಟು ಈಗ ದೊಡ್ಡದಾಗುತ್ತಿದ್ದರೆ ಅಥವಾ ಹೊಸದಾಗಿ ನೋಯುತ್ತಿದ್ದರೆ ಎಂಆರ್‌ಐ ಮಾಡಿಸಿ. ವಯಸ್ಕರಲ್ಲಿ ಮೃದ್ವಸ್ಥಿಯ ಟೋಪಿ 2 ಸೆಂ.ಮೀ.ಗಿಂತ ದಪ್ಪವಿದ್ದರೆ ಕಾಂಡ್ರೋಸಾರ್ಕೋಮಾ ಎಂಬ ಕ್ಯಾನ್ಸರಿನ ಅನುಮಾನ. ಹಾಗಾದವರು ಕೆಲವರೇ, ಆದರೂ ಅಂಥ ಗಂಟನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸಕರಿಗೆ ತೋರಿಸದೆ ಎಲ್ಲೂ ಕೆತ್ತಿಸಬೇಡಿ.